ಗ್ಲೌಸ್ ಹಾಕಿದ ಕಳ್ಳ ಏನೇನು ಬಿಟ್ಟು ಹೋಗುತ್ತಾನೆ?

"ಬೆರಳಚ್ಚು ತಜ್ಞರು ಹಾಗೂ ಶ್ವಾನದಳ ಸ್ಥಳಕ್ಕೆ ಭೇಟಿ ನೀಡಿ ಪರಿಶೀಲನೆ ನಡೆಸಿದರು." ಕನ್ನಡ ಪತ್ರಿಕೆ ಓದುವ ಯಾರಿಗೂ ಈ ಸಾಲು ಹೊಸದಲ್ಲ. ಮನೆಗಳ್ಳತನದ ಸುದ್ದಿ ಸಾಮಾನ್ಯವಾಗಿ ಇಲ್ಲಿಗೇ ನಿಂತುಬಿಡುತ್ತದೆ. ಬೆರಳಚ್ಚು ಸಿಕ್ಕಿತಾ? ಕಳ್ಳ ಗ್ಲೌಸ್ ಹಾಕಿದ್ದರೆ ಏನು ಕಥೆ? ಸಿಕ್ಕಿದ್ದು ಕೋರ್ಟಿನಲ್ಲಿ ನಿಲ್ಲುತ್ತಾ? ಇದನ್ನು ಯಾರೂ ಬರೆಯುವುದಿಲ್ಲ.

ಜನರಲ್ಲಿ ಎರಡು ನಂಬಿಕೆ ಗಟ್ಟಿಯಾಗಿ ಕೂತಿವೆ. ಬೆರಳಚ್ಚು ಸಿಕ್ಕಿದರೆ ಕೇಸ್ ಮುಗಿದ ಹಾಗೆ ಅನ್ನುವುದು ಒಂದು. ಗ್ಲೌಸ್ ಹಾಕಿಬಿಟ್ಟರೆ ಪೊಲೀಸರಿಗೆ ಏನೂ ಸಿಗಲ್ಲ ಅನ್ನುವುದು ಇನ್ನೊಂದು. ಎರಡೂ ಸರಿಯಲ್ಲ. ಬೆರಳಚ್ಚು ಹೇಳುವುದು ಒಂದೇ ಮಾತು: ಈ ಬೆರಳು ಇದನ್ನು ಮುಟ್ಟಿತ್ತು. ಉಳಿದದ್ದನ್ನೆಲ್ಲ ಮನುಷ್ಯರೇ ತನಿಖೆ ಮಾಡಿ ಕಂಡುಕೊಳ್ಳಬೇಕು. ಆ ಕೆಲಸದಲ್ಲಿ ಎಚ್ಚರ ತಪ್ಪಿದರೆ ನಿರಪರಾಧಿಯೂ ಜೈಲಿಗೆ ಹೋಗಬಹುದು. ಹಾಗಾಗಿ ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಬೆರಳ ತುದಿಯಲ್ಲಿ ಏನಿದೆ

ಹೆಬ್ಬೆರಳ ತುದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಸಣ್ಣ ಸಣ್ಣ ಉಬ್ಬುಗೆರೆಗಳು ಸಾಲಾಗಿ ಕಾಣುತ್ತವೆ. ಒಂದು ಗೆರೆಗೂ ಪಕ್ಕದ ಗೆರೆಗೂ ಸುಮಾರು ಅರ್ಧ ಮಿಲಿಮೀಟರ್ ಅಂತರ. ಅಂಗೈ, ಅಂಗಾಲಿನಲ್ಲೂ ಇದೇ ಥರದ ಚರ್ಮ. ಅದಕ್ಕೇ ಬರಿಗಾಲಿನ ಗುರುತೂ ತನಿಖೆಗೆ ಉಪಯೋಗಕ್ಕೆ ಬರುತ್ತದೆ.

ಈ ಗೆರೆಗಳು ಮೂಡುವುದು ತಾಯಿಯ ಹೊಟ್ಟೆಯಲ್ಲಿ. ಗರ್ಭಕ್ಕೆ ಮೂರು ತಿಂಗಳಾಗುವ ಹೊತ್ತಿಗೆ ಶುರುವಾಗಿ, ಆರು ತಿಂಗಳೊಳಗೆ ಆಕಾರ ಕಾಯಂ ಆಗುತ್ತದೆ. ಒಟ್ಟು ಆಕಾರಕ್ಕೆ ವಂಶವಾಹಿ ಒಂದು ದಾರಿ ಹಾಕಿಕೊಡುತ್ತದೆ, ನಿಜ. ಆದರೆ ಬೆರಳ ತುದಿ ಆಗ ಎಷ್ಟು ಉಬ್ಬಿತ್ತು, ಯಾವ ವೇಗದಲ್ಲಿ ಬೆಳೆಯಿತು, ಯಾವ ಕಡೆಯಿಂದ ಒತ್ತಡ ಬಿತ್ತು ಎಂಬಂಥ ಸಣ್ಣ ಸಂಗತಿಗಳಿಂದ ಒಂದೊಂದು ಗೆರೆಯ ಹಾದಿ ತೀರ್ಮಾನವಾಗುತ್ತದೆ. ಹೀಗಾಗಿ ತದ್ರೂಪಿ ಅವಳಿಗಳ ಡಿಎನ್‌ಎ ಮಾಮೂಲಿ ಪರೀಕ್ಷೆಯಲ್ಲಿ ಒಂದೇ ಥರ ಬಂದರೂ ಅವರ ಬೆರಳಚ್ಚು ಬೇರೆ ಬೇರೆ.

ಗೆರೆಗಳ ಬೇರು ಇರುವುದು ಚರ್ಮದ ಒಳಪದರದಲ್ಲಿ. ಮೇಲಿನ ಚರ್ಮ ಸವೆದರೆ, ಸಣ್ಣಗೆ ಸುಟ್ಟರೆ, ಅದೇ ಆಕಾರ ಮತ್ತೆ ಮೇಲೆ ಬರುತ್ತದೆ. ಅಮೆರಿಕದ ಬ್ಯಾಂಕ್ ದರೋಡೆಕೋರ ಜಾನ್ ಡಿಲಿಂಜರ್ 1934ರಲ್ಲಿ ಬೆರಳುಗಳಿಗೆ ಆ್ಯಸಿಡ್ ಹಾಕಿಸಿಕೊಂಡಿದ್ದ. ಅದೇ ವರ್ಷ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಗುಂಡಿಗೆ ಅವನು ಸತ್ತಾಗ, ಉಳಿದಿದ್ದ ಗೆರೆಗಳಿಂದಲೇ ಗುರುತು ಹಿಡಿದರು. ಗಾಯ ಆಳವಾಗಿದ್ದರೆ ಕಲೆ ಉಳಿಯುತ್ತದೆ. ಆ ಕಲೆಯೇ ಇನ್ನೊಂದು ಗುರುತಾಗುತ್ತದೆ. ಸಿಮೆಂಟ್ ಕೆಲಸ ಮಾಡುವವರ ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಹಿಡಿಯದೆ ಅವರು ಪರದಾಡುವುದನ್ನು ನಾವು ನೋಡಿದ್ದೇವೆ ಅಲ್ವಾ? ಅದು ಮೇಲ್ಪದರದ ಸವೆತ. ಕೈಗೆ ಕೆಲವು ವಾರ ವಿಶ್ರಾಂತಿ ಸಿಕ್ಕರೆ ಎಷ್ಟೋ ಜನರಿಗೆ ಗೆರೆ ಮರಳುತ್ತದೆ.

ಚಿಕ್ಕಂದಿನಲ್ಲಿ ಬೆರಳು ನೋಡಿಕೊಂಡು "ನನಗೆಷ್ಟು ಚಕ್ರ, ನಿನಗೆಷ್ಟು ಶಂಖ" ಅಂತ ಎಣಿಸಿದವರು ನಮ್ಮಲ್ಲಿ ಬಹಳ ಮಂದಿ. ತಜ್ಞರೂ ಮೊದಲು ನೋಡುವುದು ಅದನ್ನೇ. ಗೆರೆಗಳು ಒಂದು ಕಡೆಯಿಂದ ಬಂದು ಬಳಸಿ ಅದೇ ಕಡೆಗೆ ವಾಪಸ್ ಹೋಗುವ ಕುಣಿಕೆ ಆಕಾರ ನೂರಕ್ಕೆ 60ರಿಂದ 65 ಬೆರಳುಗಳಲ್ಲಿ ಕಾಣುತ್ತದೆ. ಸುತ್ತಿಕೊಂಡ ಚಕ್ರ 30ರಿಂದ 35ರಲ್ಲಿ. ಬರೀ ಕಮಾನಿನ ಹಾಗೆ ಎದ್ದು ಇಳಿಯುವ ಗೆರೆ ಸುಮಾರು 5ರಲ್ಲಿ ಮಾತ್ರ.

ಇಷ್ಟರಿಂದ ಯಾರ ಗುರುತೂ ಸಿಗುವುದಿಲ್ಲ. ಕೋಟಿಗಟ್ಟಲೆ ಜನರಿಗೆ ಚಕ್ರ ಇದೆ. ಗುರುತು ಸಿಗುವುದು ಗೆರೆಯ ಒಳವಿವರದಲ್ಲಿ. ಒಂದು ಗೆರೆ ಇದ್ದಕ್ಕಿದ್ದಂತೆ ಎಲ್ಲಿ ನಿಂತಿತು, ಎಲ್ಲಿ ಕವಲೊಡೆಯಿತು, ಎರಡು ಗೆರೆಗಳ ನಡುವೆ ಎಲ್ಲಿ ಒಂದು ಚುಕ್ಕಿ ಕೂತಿದೆ, ಇವುಗಳ ನಡುವೆ ಎಷ್ಟೆಷ್ಟು ಗೆರೆಗಳಿವೆ ಎಂಬ ಲೆಕ್ಕ ಅದು. ಮಸಿ ಹಚ್ಚಿ ಪೂರ್ತಿಯಾಗಿ ಉರುಳಿಸಿ ತೆಗೆದ ಒಂದು ಬೆರಳಚ್ಚಿನಲ್ಲಿ ಇಂಥ ಬಿಂದುಗಳು ನೂರರ ಹತ್ತಿರವೂ ಇರಬಹುದು. ಅಪರಾಧ ನಡೆದ ಜಾಗದಲ್ಲಿ ಸಿಗುವುದು ಮಾತ್ರ ಅರೆಬರೆ ತುಣುಕು. ಜಾರಿದ್ದು, ಒಂದರ ಮೇಲೊಂದು ಬಿದ್ದದ್ದು, ಅರ್ಧ ಅಳಿಸಿಹೋದದ್ದು. ಕಷ್ಟ ಶುರುವಾಗುವುದೇ ಇಲ್ಲಿ.

ಪಂಚಾಂಗದ ಮೇಲಿನ ಕಂದು ಕಲೆ

ಬೆರಳಚ್ಚಿನ ವಿದ್ಯೆ ಲಂಡನ್‌ನಿಂದ ಬಂದದ್ದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಅಂತ ಹೆಸರಾಗಿರುವುದು ಕಲ್ಕತ್ತಾದ್ದು. ಅದು ಶುರುವಾದದ್ದು 1897ರಲ್ಲಿ. ಲಂಡನ್ ಪೊಲೀಸರ ಸ್ಕಾಟ್ಲೆಂಡ್ ಯಾರ್ಡ್ ತನ್ನ ಕಚೇರಿ ತೆರೆದದ್ದು 1901ರಲ್ಲಿ, ಅದೂ ಕಲ್ಕತ್ತಾದ ಪದ್ಧತಿಯನ್ನೇ ಹಿಡಿದು. ಆ ಪದ್ಧತಿಗೆ ಅಂದಿನ ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಹೆಸರು ಉಳಿಯಿತು. ಹತ್ತು ಬೆರಳುಗಳ ಆಕಾರವನ್ನು 1,024 ಗುಂಪುಗಳಾಗಿ ವಿಂಗಡಿಸುವ ಲೆಕ್ಕದ ಹಿಂದೆ ಅವರ ಕೈಕೆಳಗಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ದುಡಿಮೆ ಇತ್ತು. ಅವರಿಬ್ಬರ ಹೆಸರು ಪದ್ಧತಿಯ ಹೆಸರಿನಲ್ಲಿ ಸೇರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಈ ವಿಂಗಡಣೆ ಇಲ್ಲದಿದ್ದರೆ ಲಕ್ಷಗಟ್ಟಲೆ ಚೀಟಿಗಳ ರಾಶಿಯಲ್ಲಿ ಒಂದು ಬೆರಳಚ್ಚನ್ನು ಹುಡುಕಿ ತೆಗೆಯಲು ಸಾಧ್ಯವೇ ಇರಲಿಲ್ಲ.

ಅದೇ ಕಾಲದ ಒಂದು ಪ್ರಕರಣ ಇವತ್ತಿಗೂ ಪಾಠದಂತಿದೆ. ಬಂಗಾಳದ ಜಲಪಾಯ್‌ಗುಡಿ ಜಿಲ್ಲೆಯ ಚಹಾ ತೋಟದ ಮ್ಯಾನೇಜರ್ ಒಬ್ಬರ ಕೊಲೆಯಾಗಿತ್ತು. ಹಾಸಿಗೆಯಲ್ಲೇ ಕುತ್ತಿಗೆ ಕೊಯ್ದಿದ್ದರು. ಪೆಟ್ಟಿಗೆ ಒಡೆದು ಹಣ ಒಯ್ದಿದ್ದರು. ಅನುಮಾನಕ್ಕೆ ಬರ ಇರಲಿಲ್ಲ. ತೋಟದ ಕೂಲಿಗಳ ಮೇಲೆ, ಬಟ್ಟೆಯಲ್ಲಿ ರಕ್ತದ ಕಲೆ ಇದ್ದ ಅಡುಗೆಯವನ ಮೇಲೆ, ಆ ಕಡೆ ತಿರುಗಾಡುತ್ತಿದ್ದ ಕಾಬೂಲಿಗಳ ಮೇಲೆ, ಹಿಂದೆ ಕಳ್ಳತನ ಮಾಡಿ ಮ್ಯಾನೇಜರ್ ದೂರಿನಿಂದ ಜೈಲಿಗೆ ಹೋಗಿದ್ದ ಹಳೇ ಆಳಿನ ಮೇಲೆ. ಪೆಟ್ಟಿಗೆಯಲ್ಲಿ ಬಂಗಾಳಿ ಪಂಚಾಂಗದ ಒಂದು ಪುಟ್ಟ ಪುಸ್ತಕ ಸಿಕ್ಕಿತು. ಅದರ ತಿಳಿನೀಲಿ ರಟ್ಟಿನ ಮೇಲೆ ಎರಡು ಮಸುಕಾದ ಕಂದು ಕಲೆ. ಭೂತಗನ್ನಡಿಯಲ್ಲಿ ನೋಡಿದಾಗ ಒಂದರಲ್ಲಿ ಬಲ ಹೆಬ್ಬೆರಳಿನ ಗೆರೆಗಳು ಕಂಡವು. ಕಚೇರಿಯ ದಾಖಲೆಯಲ್ಲಿ ಹುಡುಕಿದರೆ ಅದು ಹಳೇ ಆಳು ಕಂಗಾಲಿ ಚರಣ್‌ನ ಹೆಬ್ಬೆಟ್ಟಿಗೆ ತಾಳೆಯಾಯಿತು. ಕಂದು ಬಣ್ಣ ರಕ್ತದ್ದು ಅಂತ ರಾಸಾಯನಿಕ ಪರೀಕ್ಷೆ ಹೇಳಿತು.

ಅವನು ದೂರದ ಬೀರ್‌ಭೂಮ್‌ನಲ್ಲಿ ಸಿಕ್ಕ. 1898ರಲ್ಲಿ ತೀರ್ಪು ಬಂತು. ಕಳ್ಳತನಕ್ಕೆ ಶಿಕ್ಷೆ ಆಯಿತು. ಕೊಲೆ ಆರೋಪದಿಂದ ಬಿಡುಗಡೆ! ರಕ್ತ ಹತ್ತಿದ ಬೆರಳು ಪೆಟ್ಟಿಗೆಯೊಳಗಿನ ಪುಸ್ತಕ ಮುಟ್ಟಿದ್ದು ನಿಜ, ಆದರೆ ಕತ್ತಿ ಹಿಡಿದದ್ದು ಅದೇ ಕೈ ಅಂತ ಹೇಳಲು ಅಷ್ಟು ಸಾಲದು ಅಂತ ನ್ಯಾಯಾಲಯ ನೋಡಿತು. ಆ ತೀರ್ಪು ಸರಿಯೋ ತಪ್ಪೋ, ವಾದಿಸಬಹುದು. ಆದರೆ "ಮುಟ್ಟಿದ" ಮತ್ತು "ಮಾಡಿದ" ಇವೆರಡರ ನಡುವಿನ ಅಂತರವನ್ನು ಆ ನ್ಯಾಯಾಲಯ ಅಂದೇ ಸರಿಯಾಗಿ ಹಿಡಿದಿತ್ತು.

ಕಾಣದ ಅಚ್ಚನ್ನು ಕಾಣಿಸುವುದು

ರಕ್ತ, ಪೇಂಟ್, ಗ್ರೀಸ್ ಹತ್ತಿದ ಬೆರಳಿನ ಗುರುತು ಬರಿಗಣ್ಣಿಗೆ ಕಾಣುತ್ತದೆ. ಮೇಣ, ಪುಟ್ಟಿ, ಆರದ ಪೇಂಟಿನ ಮೇಲೆ ಒತ್ತಿದರೆ ಗುಳಿ ಬೀಳುತ್ತದೆ. ಆದರೆ ಜಾಸ್ತಿ ಸಿಗುವುದು ಕಣ್ಣಿಗೆ ಕಾಣದ ಅಚ್ಚು. ಅದು ಬೆವರಿನ ಅಚ್ಚು. ಅಂಗೈಯ ಬೆವರು ಬಹುಪಾಲು ನೀರು, ಜೊತೆಗೆ ಸ್ವಲ್ಪ ಉಪ್ಪು, ಅಮೈನೊ ಆಮ್ಲ, ಯೂರಿಯಾ. ಅಂಗೈಯಲ್ಲಿ ಜಿಡ್ಡು ಸುರಿಸುವ ಗ್ರಂಥಿಗಳಿಲ್ಲ. ನಾವು ದಿನವಿಡೀ ಮುಖ, ಕೂದಲು ಮುಟ್ಟಿಕೊಳ್ಳುತ್ತೇವಲ್ಲ, ಅಲ್ಲಿಂದ ಜಿಡ್ಡು ಬೆರಳಿಗೆ ಹತ್ತುತ್ತದೆ. ನೀರು ಆರಿಹೋದ ಮೇಲೂ ಉಪ್ಪು, ಆಮ್ಲ, ಜಿಡ್ಡು ಗೆರೆಗಳ ಆಕಾರದಲ್ಲೇ ಉಳಿಯುತ್ತವೆ.

ಸ್ಟೀಲ್ ಬೀರುವಿನ ಬಾಗಿಲು ಅಂದುಕೊಳ್ಳಿ. ತಜ್ಞರು ಮೊದಲು ಟಾರ್ಚನ್ನು ಓರೆಯಾಗಿ ಹಿಡಿದು ನೋಡುತ್ತಾರೆ. ಎಷ್ಟೋ ಅಚ್ಚು ಅಷ್ಟಕ್ಕೇ ಕಾಣುತ್ತವೆ. ಆಮೇಲೆ ಮೆತ್ತನೆಯ ಬ್ರಷ್‌ನಲ್ಲಿ ನುಣುಪು ಪುಡಿ. ತಿಳಿ ಬಣ್ಣದ ಮೇಲೆ ಕಪ್ಪು ಪುಡಿ, ಗಾಢ ಬಣ್ಣದ ಮೇಲೆ ಬಿಳಿ ಅಥವಾ ಬೆಳ್ಳಿ ಬಣ್ಣದ್ದು. ಬ್ರಷ್ ಒತ್ತಿದರೆ ಗೆರೆ ಅಳಿಸುತ್ತದೆ, ಹಾಗಾಗಿ ತುದಿಯ ಕೂದಲಷ್ಟೇ ತಾಗಬೇಕು. ಗೆರೆ ಎದ್ದು ಬಂದ ಮೇಲೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ. ಅದಾದ ಮೇಲೆ ಪಾರದರ್ಶಕ ಟೇಪ್ ಅಂಟಿಸಿ ಎತ್ತಿ ಕಾರ್ಡಿಗೆ ಹಚ್ಚುವುದು. ಬೀರುವಿನ ಯಾವ ಬಾಗಿಲು, ನೆಲದಿಂದ ಎಷ್ಟು ಎತ್ತರ, ಬೆರಳು ಯಾವ ದಿಕ್ಕಿಗಿತ್ತು, ಎಲ್ಲ ಬರೆದಿಡಬೇಕು. ಈ ಬರಹ ಸರಿ ಇಲ್ಲದಿದ್ದರೆ ಎಷ್ಟು ಚೆಂದದ ಅಚ್ಚಾದರೂ ಕೋರ್ಟಿನಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕಾಗದಕ್ಕೆ ಪುಡಿ ಅಷ್ಟಾಗಿ ಆಗುವುದಿಲ್ಲ. ಬೆವರು ಕಾಗದದೊಳಗೆ ಇಳಿದಿರುತ್ತದೆ. ಅದಕ್ಕೆ ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಇದೆ. ಬೆವರಿನ ಅಮೈನೊ ಆಮ್ಲದ ಜೊತೆ ಸೇರಿ ಅದು ನೇರಳೆ ಬಣ್ಣ ಕೊಡುತ್ತದೆ. ಇದನ್ನು ಬೆರಳಚ್ಚಿಗೆ ಬಳಸಬಹುದು ಅಂತ 1954ರಲ್ಲಿ ಸ್ವೀಡನ್‌ನ ಇಬ್ಬರು ವಿಜ್ಞಾನಿಗಳು ತೋರಿಸಿದರು. ಪ್ಲಾಸ್ಟಿಕ್‌ಗೆ ಇನ್ನೊಂದು ಉಪಾಯ. ಮನೆಯಲ್ಲಿ ನಾವು ಬಳಸುವ ಫೆವಿಕ್ವಿಕ್‌ನಂಥ ಅಂಟನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿ ಮಾಡುತ್ತಾರೆ, ಒಳಗೆ ತೇವ ಇರಿಸುತ್ತಾರೆ. ಅಂಟಿನ ಆವಿ ಬೆವರಿನ ಗೆರೆಗಳ ಮೇಲೆ ಮಾತ್ರ ಕೂತು ಗಟ್ಟಿಯಾಗಿ ಬಿಳಿ ಗೆರೆಗಳಾಗುತ್ತದೆ. ಜಪಾನ್‌ನ ಪೊಲೀಸ್ ಪ್ರಯೋಗಾಲಯದಲ್ಲಿ 1970ರ ದಶಕದ ಕೊನೆಯಲ್ಲಿ ಸಿಕ್ಕ ದಾರಿ ಇದು. ಟೇಪಿನ ಅಂಟು ಮುಖಕ್ಕೆ ಜೆನ್ಷಿಯನ್ ವೈಲೆಟ್ ಬಳಸುತ್ತಾರೆ. ಹಿಂದೆಲ್ಲ ಮಕ್ಕಳ ಬಾಯಿಹುಣ್ಣಿಗೆ ಹಚ್ಚುತ್ತಿದ್ದ ಆ ನೇರಳೆ ಔಷಧವೇ. ಮಳೆಯಲ್ಲಿ ನೆನೆದ ಕಾರಿಗೂ ಬೇರೆ ದ್ರಾವಣ ಇದೆ. ನೀರು ಬಿದ್ದರೆ ಎಲ್ಲ ಹೋಯಿತು ಅನ್ನುವಂತಿಲ್ಲ. ಜಿಡ್ಡು ನೀರಿಗೆ ಸುಲಭವಾಗಿ ಕರಗುವುದಿಲ್ಲ.

ಗ್ಲೌಸ್ ಹಾಕಿದರೆ?

ಇಲ್ಲಿಗೆ ಬರೋಣ. ಗ್ಲೌಸ್ ಹಾಕಿದ ಕೈ ಬೀರು ಮುಟ್ಟಿದರೆ ಬೆರಳಿನ ಗೆರೆ ಅಲ್ಲಿ ಬೀಳುವುದಿಲ್ಲ, ಸಾಮಾನ್ಯವಾಗಿ. ತೀರಾ ತೆಳ್ಳಗಿನ ರಬ್ಬರ್ ಗ್ಲೌಸ್ ಬೆರಳಿಗೆ ಬಿಗಿದು ಕೂತಿದ್ದರೆ ಕೆಲವೊಮ್ಮೆ ಗೆರೆಯ ಆಕಾರ ಹೊರಗೂ ಮೂಡಬಹುದು. ಅದನ್ನು ನಂಬಿಕೊಂಡು ತನಿಖೆ ನಡೆಯುವುದಿಲ್ಲ. ಆದರೆ ಗ್ಲೌಸ್ ಒಂದು ಗುರುತನ್ನು ಮರೆಸುವಾಗ ಇನ್ನೂ ನಾಲ್ಕನ್ನು ಸೇರಿಸುತ್ತದೆ.

ಮೊದಲನೆಯದು ಗ್ಲೌಸ್‌ನದೇ ಅಚ್ಚು. ಚರ್ಮದ ಗ್ಲೌಸ್ ಪ್ರಾಣಿಯ ಚರ್ಮದಿಂದ ಆದದ್ದು. ಅದಕ್ಕೂ ತನ್ನದೇ ಒರಟುತನ, ಸುಕ್ಕು, ರಂಧ್ರ ಇರುತ್ತವೆ. ಬಳಸುತ್ತಾ ಬಳಸುತ್ತಾ ಮಡಿಕೆ ಬೀಳುತ್ತದೆ, ಹೊಲಿಗೆ ಬಿಡುತ್ತದೆ, ಒಂದು ಕಡೆ ಹರಿಯುತ್ತದೆ. ಗಾಜಿನ ಮೇಲೆ ಒತ್ತಿದಾಗ ಇವೆಲ್ಲ ಮೂಡುತ್ತವೆ. ಆರೋಪಿಯ ಮನೆಯಲ್ಲಿ ಗ್ಲೌಸ್ ಸಿಕ್ಕರೆ ಹೋಲಿಸಿ ನೋಡಬಹುದು. ಬ್ರಿಟನ್‌ನಲ್ಲಿ 1970ರ ದಶಕದಲ್ಲೇ ಇಂಥ ಸಾಕ್ಷ್ಯ ಕೋರ್ಟಿಗೆ ಹೋಗಿದೆ. ಹತ್ತಿಯ ಗ್ಲೌಸ್ ಆದರೆ ನೇಯ್ಗೆಯ ಗುರುತು, ಜೊತೆಗೆ ಉದುರಿದ ನೂಲಿನ ಎಳೆ. ಅಚ್ಚಿನಲ್ಲಿ ಹೊಯ್ದ ರಬ್ಬರ್ ಗ್ಲೌಸ್ ಮಾತ್ರ ಸಾವಿರಾರು ಒಂದೇ ಥರ ಇರುತ್ತವೆ. ಅದರಿಂದ "ಈ ಬಗೆಯ ಗ್ಲೌಸ್" ಅಂತ ಹೇಳಬಹುದೇ ಹೊರತು "ಇದೇ ಗ್ಲೌಸ್" ಅನ್ನಲಾಗದು.

ಎರಡನೆಯದು ಗ್ಲೌಸ್‌ನ ಒಳಭಾಗ. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ರಬ್ಬರ್ ಗ್ಲೌಸ್ ಹಾಕಿದ ಕೈ ಬೆವರುತ್ತದೆ. ಹತ್ತು ನಿಮಿಷ ಹಾಕಿ ನೋಡಿ, ಗೊತ್ತಾಗುತ್ತದೆ. ಆ ಬೆವರು, ಉದುರಿದ ಚರ್ಮದ ಕಣ ಎಲ್ಲ ಒಳಗೇ ಉಳಿಯುತ್ತವೆ. ಕೆಲಸ ಮುಗಿಸಿ ಕಳ್ಳ ಅವಸರದಲ್ಲಿ ಗ್ಲೌಸ್ ಕಿತ್ತು ಬಿಸಾಡುತ್ತಾನೆ. ಕಿತ್ತಾಗ ಅದು ಒಳಗಿನದು ಹೊರಗಾಗಿ ತಿರುಗಿರುತ್ತದೆ. ಪ್ರಯೋಗಾಲಯದಲ್ಲಿ ಒಳಭಾಗದಿಂದ ಬೆರಳಚ್ಚು ಎಬ್ಬಿಸಲು ನೋಡುತ್ತಾರೆ. ಬೆವರು ವಿಪರೀತವಾಗಿ ಕಲಸಿಹೋಗಿದ್ದರೆ ಗೆರೆ ಸಿಗಲಿಕ್ಕಿಲ್ಲ. ಆಗಲೂ ಡಿಎನ್‌ಎ ಸಿಗುವ ಸಾಧ್ಯತೆ ಇದ್ದೇ ಇದೆ. ಹೊರಗಡೆ ಮನೆಯೊಡತಿಯ ರಕ್ತ, ಒಳಗಡೆ ಹಾಕಿಕೊಂಡವನ ಚರ್ಮ. ಒಂದೇ ವಸ್ತುವಿನಲ್ಲಿ ಇಬ್ಬರೂ ಸಿಕ್ಕಂತಾಗುತ್ತದೆ.

ಮೂರನೆಯದನ್ನು ಜನ ಯೋಚಿಸುವುದೇ ಇಲ್ಲ. ಗ್ಲೌಸ್ ಹಾಕಿಕೊಳ್ಳುವುದು ಹೇಗೆ? ಮೊದಲನೆಯದನ್ನು ಬರಿಗೈಯಲ್ಲಿ ಎಳೆದು ಹಾಕಬೇಕು. ಅಲ್ಲೇ ಮಣಿಕಟ್ಟಿನ ಹತ್ತಿರ ಹೊರಭಾಗದಲ್ಲಿ ಇನ್ನೊಂದು ಕೈಯ ಬೆರಳು ಬಿದ್ದಾಯಿತು.

ನಾಲ್ಕನೆಯದು, ಗ್ಲೌಸ್ ಯಾವಾಗಲೂ ಕೈಯಲ್ಲೇ ಇರುವುದಿಲ್ಲ. ಟೇಪಿನ ತುದಿ ಹುಡುಕಿ ಬಿಡಿಸಲು, ನೋಟು ಎಣಿಸಲು, ಸಣ್ಣ ಸ್ಕ್ರೂ ಬಿಚ್ಚಲು ಬರಿ ಬೆರಳೇ ಬೇಕು. ಮೊಬೈಲ್ ಪರದೆಗೆ ಮಾಮೂಲಿ ಗ್ಲೌಸಿನ ಬೆರಳು ತಾಗಿದರೆ ಗೊತ್ತೇ ಆಗುವುದಿಲ್ಲ. ಹಿಂದಿನ ದಿನ ಜಾಗ ನೋಡಿಕೊಂಡು ಹೋಗಲು ಬಂದಾಗ ಯಾರೂ ಗ್ಲೌಸ್ ಹಾಕಿರುವುದಿಲ್ಲ. ಟಾರ್ಚಿನ ಒಳಗೆ ಹಾಕಿದ ಸೆಲ್ಲನ್ನು ಮನೆಯಲ್ಲಿ ಬರಿಗೈಯಲ್ಲೇ ಹಾಕಿರುತ್ತಾನೆ. ಹಾಗಾಗಿ ಬಿಟ್ಟುಹೋದ ಟಾರ್ಚ್ ಸಿಕ್ಕರೆ ಸೆಲ್ ತೆಗೆದು ನೋಡುವುದು ತನಿಖೆಯ ಒಂದು ಒಳ್ಳೆಯ ರೂಢಿ.

ಇಬ್ಬರು ಪರಸ್ಪರ ತಾಗಿದರೆ ಇಬ್ಬರಲ್ಲೂ ಏನಾದರೂ ಉಳಿಯುತ್ತದೆ ಎಂಬ ಯೋಚನೆ ಫ್ರಾನ್ಸಿನ ಎಡ್ಮಂಡ್ ಲೊಕಾರ್‌ನದು. 1910ರಲ್ಲಿ ಲಿಯಾನ್ ನಗರದಲ್ಲಿ ಪೊಲೀಸ್ ಪ್ರಯೋಗಾಲಯ ಶುರು ಮಾಡಿದವನು. ಗ್ಲೌಸ್‌ಗೂ ಅದೇ ನಿಯಮ.

ಹಾಗಂತ ಗ್ಲೌಸ್ ಸಿಕ್ಕ ಮಾತ್ರಕ್ಕೆ ಕೇಸ್ ಗೆದ್ದ ಹಾಗಲ್ಲ. ಅಮೆರಿಕದಲ್ಲಿ ಮಾಜಿ ಫುಟ್‌ಬಾಲ್ ತಾರೆ ಓ.ಜೆ. ಸಿಂಪ್ಸನ್ ಮೇಲಿನ ಜೋಡಿ ಕೊಲೆ ಪ್ರಕರಣದಲ್ಲಿ ರಕ್ತ ಹತ್ತಿದ ಚರ್ಮದ ಗ್ಲೌಸ್ ದೊಡ್ಡ ಸಾಕ್ಷ್ಯವಾಗಿತ್ತು. ಒಂದು ಕೊಲೆ ನಡೆದ ಜಾಗದಲ್ಲಿ, ಇನ್ನೊಂದು ಅವರ ಮನೆಯ ಆವರಣದಲ್ಲಿ ಸಿಕ್ಕಿತ್ತು. 1995ರ ಜೂನ್‌ನಲ್ಲಿ ಸರ್ಕಾರಿ ವಕೀಲರು ಎಲ್ಲರೆದುರು ಅದನ್ನು ಹಾಕಿ ತೋರಿಸಲು ಹೇಳಿದರು. ರಕ್ಷಣೆಗೆಂದು ಕೆಳಗೆ ತೆಳು ರಬ್ಬರ್ ಗ್ಲೌಸ್ ಹಾಕಿಸಿದ್ದರು. ಚರ್ಮದ ಗ್ಲೌಸ್ ಕೈಗೆ ಬಿಗಿಯಾಯಿತು. ರಕ್ತದಲ್ಲಿ ನೆನೆದು ಒಣಗಿದ ಚರ್ಮ ಕುಗ್ಗಿದೆ ಅಂತ ವಿವರಣೆ ಕೊಟ್ಟರೂ, ತೀರ್ಪು ಹೇಳಬೇಕಿದ್ದ ಜ್ಯೂರಿ ಕಣ್ಣಾರೆ ಕಂಡದ್ದು ಕೂರದ ಗ್ಲೌಸನ್ನು. ಆ ಅಕ್ಟೋಬರ್‌ನಲ್ಲಿ ಸಿಂಪ್ಸನ್ ಬಿಡುಗಡೆಯಾದರು.

ಪೊಲೀಸರ ಗ್ಲೌಸ್ ಕೂಡ ಲೆಕ್ಕಕ್ಕೆ ಬರುತ್ತದೆ

ತನಿಖೆಗೆ ಬಂದವರು ಗ್ಲೌಸ್ ಹಾಕಿದರೆ ಸಾಕು ಅಂತ ನಾವು ಅಂದುಕೊಳ್ಳುತ್ತೇವೆ. ಸಾಲದು. ಗ್ಲೌಸ್ ಹಾಕಿದ ಕೈಯಲ್ಲಿ ಲೋಟವನ್ನು ಗಟ್ಟಿಯಾಗಿ ಹಿಡಿದರೆ ಅದರ ಮೇಲಿದ್ದ ಅಚ್ಚು ಅಳಿಸಿಹೋಗುತ್ತದೆ. ಹಿಡಿಯಬೇಕಾದದ್ದು ಅಂಚನ್ನು, ಸಾಮಾನ್ಯವಾಗಿ ಯಾರೂ ಮುಟ್ಟದ ಕಡೆ. ಒಂದೇ ಗ್ಲೌಸಿನಲ್ಲಿ ಬಾಗಿಲ ಹಿಡಿಕೆ, ಆಮೇಲೆ ಚಾಕು, ಆಮೇಲೆ ದಿಂಬು ಮುಟ್ಟಿದರೆ ಡಿಎನ್‌ಎ ಒಂದರಿಂದ ಇನ್ನೊಂದಕ್ಕೆ ಹೋಗಿ ಕೂರುತ್ತದೆ. ಒಂದೊಂದು ವಸ್ತುವಿಗೆ ಹೊಸ ಗ್ಲೌಸ್ ಬದಲಿಸಬೇಕು. ಪುಡಿ ಹಾಕುವ ಬ್ರಷ್ ಕೂಡ ಮನೆಯಿಂದ ಮನೆಗೆ ಡಿಎನ್‌ಎ ಹೊತ್ತೊಯ್ಯಬಲ್ಲದು.

ಜರ್ಮನಿಯಲ್ಲಿ ನಡೆದದ್ದನ್ನು ಕೇಳಿ. ಕೊಲೆ, ಕಳ್ಳತನ, ಕಾರು ಕಳವು ಹೀಗೆ ಸುಮಾರು 40 ಕಡೆ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಗುತ್ತಾ ಹೋಯಿತು. ಆಸ್ಟ್ರಿಯಾ, ಫ್ರಾನ್ಸ್‌ನಲ್ಲೂ ಸಿಕ್ಕಿತು. 2007ರಲ್ಲಿ ಹೈಲ್‌ಬ್ರಾನ್ ಊರಿನಲ್ಲಿ ಪೊಲೀಸ್ ಸಿಬ್ಬಂದಿಯೊಬ್ಬರ ಕೊಲೆಯಾದಾಗಲೂ ಅದೇ. ಮುಖವೇ ಇಲ್ಲದ ಆ ಹಂತಕಿಯನ್ನು ವರ್ಷಗಟ್ಟಲೆ ಹುಡುಕಿದರು. 2009ರಲ್ಲಿ ನಿಜ ಗೊತ್ತಾಯಿತು. ಮಾದರಿ ತೆಗೆಯಲು ಬಳಸುತ್ತಿದ್ದ ಹತ್ತಿಯ ಕಡ್ಡಿಗಳನ್ನು ತಯಾರಿಸುವ ಕಡೆ ಕೆಲಸ ಮಾಡುತ್ತಿದ್ದ ಹೆಂಗಸಿನ ಡಿಎನ್‌ಎ ಅದು. ಕಡ್ಡಿಗಳಲ್ಲಿ ರೋಗಾಣು ಇರಲಿಲ್ಲ, ಡಿಎನ್‌ಎ ಇತ್ತು. ಅಷ್ಟು ವರ್ಷ ನಿಜವಾದ ಕೊಲೆಗಾರರು ಹೊರಗಿದ್ದರು.

ತಾಳೆ ತಪ್ಪಿದಾಗ

2004ರ ಮಾರ್ಚ್ 11ರಂದು ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬ್ ಸಿಡಿದು ಸುಮಾರು 190 ಜನ ಸತ್ತರು. ಒಂದು ವ್ಯಾನಿನಲ್ಲಿ ಡಿಟೊನೇಟರ್‌ಗಳಿದ್ದ ಪ್ಲಾಸ್ಟಿಕ್ ಚೀಲ ಸಿಕ್ಕಿತು. ಅದರ ಮೇಲೆ ಒಂದು ಬೆರಳಚ್ಚು. ಸ್ಪೇನ್ ಅದರ ಚಿತ್ರವನ್ನು ಎಫ್‌ಬಿಐಗೆ ಕಳಿಸಿತು. ಅಲ್ಲಿನ ಕಂಪ್ಯೂಟರ್ 20 ಹತ್ತಿರದ ಹೋಲಿಕೆಗಳನ್ನು ಕೊಟ್ಟಿತು. ನಾಲ್ಕನೆಯದು ಅಮೆರಿಕದ ಒರೆಗಾನ್ ರಾಜ್ಯದ ಒಬ್ಬ ವಕೀಲರದು. ಎಫ್‌ಬಿಐನ ಮೂವರು ಅನುಭವಿ ತಜ್ಞರು ನೋಡಿ ಇದೇ ಅಂದರು. ಕೋರ್ಟ್ ನೇಮಿಸಿದ ಹೊರಗಿನ ತಜ್ಞರೂ ಇದೇ ಅಂದರು. ಸ್ಪೇನ್ ಪೊಲೀಸರು ಮಾತ್ರ ಏಪ್ರಿಲ್‌ನಲ್ಲೇ ಹೊಂದುತ್ತಿಲ್ಲ ಅಂತ ತಿಳಿಸಿದ್ದರು. ಆದರೂ ಮೇ 6ರಂದು ವಕೀಲರನ್ನು ಹಿಡಿದು ಒಳಗೆ ಹಾಕಿದರು. ಎರಡು ವಾರದ ಮೇಲೆ ಸ್ಪೇನ್ ಅದೇ ಬೆರಳಚ್ಚನ್ನು ಅಲ್ಜೀರಿಯಾದ ಒಬ್ಬನದು ಅಂತ ಗುರುತಿಸಿತು. ಎಫ್‌ಬಿಐ ಕ್ಷಮೆ ಕೇಳಿತು. 2006ರಲ್ಲಿ ಅಮೆರಿಕ ಸರ್ಕಾರ 20 ಲಕ್ಷ ಡಾಲರ್ ಪರಿಹಾರ ಕೊಟ್ಟಿತು.

ತಪ್ಪಿದ್ದು ಎಲ್ಲಿ? ಇಬ್ಬರ ಗೆರೆಗಳೂ ಅಪರೂಪಕ್ಕೆ ಬಹಳ ಹತ್ತಿರ ಇದ್ದವು. ಕೋಟಿಗಟ್ಟಲೆ ದಾಖಲೆಯಲ್ಲಿ ಹುಡುಕಿದಾಗ ಹೀಗೆ ಹತ್ತಿರದವು ಸಿಗುವ ಸಾಧ್ಯತೆ ಹೆಚ್ಚುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಒಮ್ಮೆ "ಇದೇ" ಅಂತ ಅನ್ನಿಸಿದ ಮೇಲೆ ತಜ್ಞರು ವಕೀಲರ ಬೆರಳಚ್ಚಿನಲ್ಲಿದ್ದ ವಿವರವನ್ನು ಚೀಲದ ಮೇಲಿನ ಮಸುಕು ಅಚ್ಚಿನಲ್ಲಿ ಹುಡುಕತೊಡಗಿದರು. ಹುಡುಕಿದ್ದು ಕಾಣತೊಡಗಿತು. ವಕೀಲರು ಇಸ್ಲಾಂಗೆ ಮತಾಂತರವಾಗಿದ್ದವರು. ಸ್ಪೇನ್ ಬೇಡ ಅಂದ ಮೇಲೂ ಮತ್ತೆ ಸರಿಯಾಗಿ ಪರಿಶೀಲಿಸದೆ ಹೋಗಲು ಇದೂ ಒಂದು ಕಾರಣ ಆಗಿರಬಹುದು ಅಂತ ಆಮೇಲಿನ ವಿಚಾರಣಾ ವರದಿ ಹೇಳಿತು.

ತಜ್ಞರ ಮನಸ್ಸು ಹೇಗೆ ವಾಲುತ್ತದೆ ಅಂತ ಇಟಿಯಲ್ ಡ್ರೋರ್ ಎಂಬ ಸಂಶೋಧಕ 2006ರಲ್ಲಿ ತೋರಿಸಿದರು. ಐವರು ತಜ್ಞರಿಗೆ ಒಂದೊಂದು ಜೊತೆ ಬೆರಳಚ್ಚು ಕೊಟ್ಟು, ಇದು ಮ್ಯಾಡ್ರಿಡ್‌ನಲ್ಲಿ ತಪ್ಪಾಗಿ ಗುರುತಿಸಿದ್ದು ಅಂದರು. ನಿಜಕ್ಕೂ ಅವು ಆಯಾ ತಜ್ಞರೇ ವರ್ಷಗಳ ಹಿಂದೆ "ತಾಳೆಯಾಗುತ್ತದೆ" ಅಂತ ಸಹಿ ಹಾಕಿದ್ದ ಬೆರಳಚ್ಚುಗಳು. ಐವರಲ್ಲಿ ನಾಲ್ವರು ಈ ಸಲ ಮಾತು ಬದಲಿಸಿದರು. 2011ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ 169 ತಜ್ಞರನ್ನು ಪರೀಕ್ಷಿಸಿದರು. ಬೇರೆಯವರದನ್ನು ಇವನದೇ ಅಂದದ್ದು ಶೇ 0.1 ಮಾತ್ರ. ಇವನದನ್ನೇ ಅಲ್ಲ ಅಂದದ್ದು ಶೇ 7.5. ಅಂದರೆ ಈ ವಿದ್ಯೆ ಗಟ್ಟಿಯೇ. ಆದರೆ ತಪ್ಪೇ ಆಗದ ವಿದ್ಯೆ ಅಲ್ಲ. ಮೊದಲು ಮಸುಕು ಅಚ್ಚನ್ನು ಮಾತ್ರ ನೋಡಿ ಬಿಂದುಗಳನ್ನು ಗುರುತು ಹಾಕಿಕೊಂಡು, ಆಮೇಲೆ ಆರೋಪಿಯದನ್ನು ತೆರೆಯಬೇಕು. ಮರುಪರಿಶೀಲನೆ ಮಾಡುವವರಿಗೆ ಮೊದಲಿನವರ ತೀರ್ಮಾನ ತಿಳಿಸಬಾರದು. ಇಷ್ಟು ಮಾಡಿದರೆ ಬಹಳಷ್ಟು ತಪ್ಪು ತಪ್ಪುತ್ತದೆ.

ನಮ್ಮ ಕೋರ್ಟು, ನಮ್ಮ ಕಾನೂನು

ನಮ್ಮ ಸುಪ್ರೀಂ ಕೋರ್ಟ್ 1979ರ ಒಂದು ತೀರ್ಪಿನಲ್ಲಿ ಹೆಬ್ಬೆಟ್ಟು ಗುರುತಿಸುವ ವಿಜ್ಞಾನ ಕರಾರುವಾಕ್ಕು, ಅದರಲ್ಲಿ ತಪ್ಪಿಗಾಗಲಿ ಅನುಮಾನಕ್ಕಾಗಲಿ ಜಾಗವಿಲ್ಲ ಅಂತ ಹೇಳಿತ್ತು. 2010ರ ಇನ್ನೊಂದು ತೀರ್ಪಿನಲ್ಲಿ, ಬೆರಳಚ್ಚು ತಜ್ಞರು ಕೊಡುವುದು ಅಭಿಪ್ರಾಯ, ಅದು ಬೇರೆ ಸಾಕ್ಷ್ಯಕ್ಕೆ ಬೆಂಬಲವಾಗಿ ನಿಲ್ಲಬಹುದು, ತಾನೇ ಮೂಲ ಸಾಕ್ಷ್ಯ ಆಗದು ಅಂತ ಹೇಳಿತು. ಎರಡನೆಯದು ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಬೆರಳಚ್ಚಿಗೆ ದಿನಾಂಕ ಇರುವುದಿಲ್ಲ. ಎಷ್ಟು ದಿನದ ಹಿಂದೆ ಬಿದ್ದದ್ದು ಅಂತ ನಂಬುವ ಹಾಗೆ ಹೇಳುವ ವಿಧಾನ ಇನ್ನೂ ಬಂದಿಲ್ಲ. ಮುಂಬಾಗಿಲ ಮೇಲಿನ ಅಚ್ಚು ಪೇಂಟರದ್ದೂ ಆಗಿರಬಹುದು, ಕೊರಿಯರ್ ಹುಡುಗನದ್ದೂ ಆಗಿರಬಹುದು. ನೀರಿನ ಬಾಟಲಿಯ ಮೇಲಿನದಕ್ಕಂತೂ ಬೆಲೆ ಕಡಿಮೆ, ಬಾಟಲಿಯನ್ನು ಯಾರು ಎಲ್ಲಿಂದ ಬೇಕಾದರೂ ತರಬಹುದು. ಬೀರುವಿನ ಒಳಲಾಕರಿನ ಒಳಬದಿಯಲ್ಲಿ ಹೊರಗಿನವನ ಅಚ್ಚು ಸಿಕ್ಕರೆ ಮಾತ್ರ ಅವನು ಉತ್ತರ ಕೊಡಲೇಬೇಕಾಗುತ್ತದೆ.

ಪೊಲೀಸರು ಬೆರಳಚ್ಚು ತೆಗೆದುಕೊಳ್ಳುವುದು ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿ ಹೇಳಿಸಿದ ಹಾಗೆ ಆಗುತ್ತದಾ? ಆಗುವುದಿಲ್ಲ ಅಂತ 1961ರಲ್ಲೇ 11 ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿದೆ. 2022ರ ಹೊಸ ಕಾನೂನಿನ ಪ್ರಕಾರ ಬೆರಳಚ್ಚು, ಅಂಗೈ, ಪಾದ, ಕಣ್ಣಿನ ಪಾಪೆಯ ದಾಖಲೆಗಳನ್ನು 75 ವರ್ಷ ಇಟ್ಟುಕೊಳ್ಳಬಹುದು. ರಾಜ್ಯಗಳ ದಾಖಲೆಯೆಲ್ಲ ನಾಫಿಸ್ ಎಂಬ ರಾಷ್ಟ್ರೀಯ ಕಂಪ್ಯೂಟರ್ ಜಾಲಕ್ಕೆ ಸೇರುತ್ತಿದೆ. ಹೀಗಾಗಿ ಬೆಳಗಾವಿಯಲ್ಲಿ ಸಿಕ್ಕ ಅಚ್ಚನ್ನು ಬೇರೆ ರಾಜ್ಯದ ಹಳೇ ಆರೋಪಿಗಳ ಜೊತೆ ಹೋಲಿಸಬಹುದು. ಆದರೆ ಮ್ಯಾಡ್ರಿಡ್ ಪ್ರಕರಣ ನೆನಪಿರಲಿ. ದಾಖಲೆ ದೊಡ್ಡದಾದಷ್ಟೂ ಕೊನೆಯ ತೀರ್ಮಾನ ಮಾಡುವವರ ಎಚ್ಚರವೂ ದೊಡ್ಡದಾಗಬೇಕು.

ಆಧಾರ್‌ಗೆ ಕೊಟ್ಟ ಬೆರಳಚ್ಚು ಪೊಲೀಸರಿಗೆ ಸಿಗುತ್ತಾ ಅಂತ ಬಹಳ ಜನ ಕೇಳುತ್ತಾರೆ. ಸಾಮಾನ್ಯ ಅಪರಾಧದ ತನಿಖೆಗೆ ಅದನ್ನು ಕೊಡುವಂತಿಲ್ಲ, ಆಧಾರ್ ಕಾನೂನೇ ತಡೆದಿದೆ. ಆ ಕಾನೂನು ಬರುವ ಮೊದಲೇ ಗೋವಾದ ಒಂದು ಪ್ರಕರಣದಲ್ಲಿ ತನಿಖಾ ಸಂಸ್ಥೆ ಕೇಳಿದಾಗ 2014ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತ್ತು.

2024ರ ಜುಲೈ 1ರಿಂದ ಬಂದ ಹೊಸ ದಂಡ ಪ್ರಕ್ರಿಯೆ ಕಾನೂನು, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ವಿಡಿಯೊ ಮಾಡಬೇಕು ಅನ್ನುತ್ತದೆ. ಇದನ್ನು ಪೂರ್ತಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಸಮಯ ಕೊಟ್ಟಿದ್ದಾರೆ. ರಾತ್ರಿ ಮನೆ ಒಡೆದು ಕಳವು ಮಾಡುವುದೂ ಈ ಸಾಲಿಗೆ ಸೇರುತ್ತದೆ. ನಮ್ಮಲ್ಲಿ ಬೆಂಗಳೂರಿನ ಮಡಿವಾಳದ ಪ್ರಯೋಗಾಲಯದ ಜೊತೆಗೆ ಪ್ರಾದೇಶಿಕ ಪ್ರಯೋಗಾಲಯಗಳೂ ಇವೆ. ಆದರೆ ಮೊದಲ ಒಂದೆರಡು ಗಂಟೆ ಮನೆಯವರು ಏನು ಮಾಡುತ್ತಾರೆ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ.

ಕಳ್ಳತನ ಆಗಿದೆ ಅಂತ ಗೊತ್ತಾದ ಕೂಡಲೇ ಕೈ ತಾನಾಗಿ ಬೀರುವಿನ ಕಡೆ ಹೋಗುತ್ತದೆ. ಒಡವೆ ಉಳಿದಿದೆಯಾ ಅಂತ ನೋಡುವ ತವಕ. ಅಲ್ಲಿಗೇ ನಿಲ್ಲಿ. ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ. ಚೆಲ್ಲಾಡಿದ ಬಟ್ಟೆ ಎತ್ತಿಡಬೇಡಿ. ನೆಲ ಗುಡಿಸಬೇಡಿ. ನೋಡಲು ಬಂದ ನೆಂಟರು, ಅಕ್ಕಪಕ್ಕದವರನ್ನು ಅಂಗಳದಲ್ಲೇ ನಿಲ್ಲಿಸಿ. ಗ್ಲೌಸ್ ಚೂರು, ಟೇಪಿನ ತುಂಡು, ನಿಮ್ಮದಲ್ಲದ ಟಾರ್ಚ್ ಬಿದ್ದಿದ್ದರೆ ಮುಟ್ಟದೆ ಪೊಲೀಸರಿಗೆ ತೋರಿಸಿ, ಸ್ಥಳ ಮಹಜರಿನಲ್ಲಿ ಬರೆಸಿ. ಒದ್ದೆಯಾದ ವಸ್ತುವನ್ನು ಪ್ಲಾಸ್ಟಿಕ್ ಕವರಿಗೆ ಹಾಕಲು ಯಾರಾದರೂ ಹೊರಟರೆ ಪೇಪರ್ ಕವರ್ ಕೇಳಿ, ಪ್ಲಾಸ್ಟಿಕ್‌ನೊಳಗೆ ತೇವ ಉಳಿದು ಬೂಸ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ಆಮೇಲೆ ಮನೆಯವರ, ಕೆಲಸಕ್ಕೆ ಬರುವವರ ಬೆರಳಚ್ಚನ್ನೂ ತೆಗೆದುಕೊಳ್ಳಬಹುದು. ಗಾಬರಿಯಾಗಬೇಡಿ. ಅದು ನಿಮ್ಮ ಮೇಲಿನ ಅನುಮಾನಕ್ಕಲ್ಲ. ಬೀರುವಿನ ಮೇಲೆ ಸಿಕ್ಕ ಅಚ್ಚುಗಳಲ್ಲಿ ನಿಮ್ಮವನ್ನೆಲ್ಲ ಹೋಲಿಸಿ ಬದಿಗಿಟ್ಟ ಮೇಲೆ ಯಾರದೂ ಅಲ್ಲದ್ದು ಒಂದೆರಡು ಉಳಿದರೆ, ತಜ್ಞರು ನಾಫಿಸ್‌ಗೆ ಹಾಕುವುದು ಅವನ್ನೇ.